ಬಂದೂಕಿನ ಮೇಲೆ ‘7’ ಎಂದಷ್ಟೇ ಇದ್ದರೆ ಮುಂಗಡ ಕೊಡಬೇಡಿ

ಕಳೆದ ವಾರ ರಾಣೆಬೆನ್ನೂರಿನ ಪರಿಚಯಸ್ಥರೊಬ್ಬರು ಹಳೆಯ ಜೋಡುನಳಿಗೆ ಬಂದೂಕಿನ ಫೋಟೊ ಕಳುಹಿಸಿ, ‘ಇದರ ತಯಾರಿಕೆಯ ಸಂಖ್ಯೆ ಬರೀ 4. ಅಪರೂಪದ್ದಂತೆ, ತೆಗೆದುಕೊಳ್ಳಲೇ?’ ಎಂದು ಕೇಳಿದರು. ನೋಡುತ್ತಿದ್ದಂತೆ ನನ್ನ ಎದೆ ಧಸಕ್ಕೆಂದಿತು. ಎರಡು ವರ್ಷಗಳ ಹಿಂದೆ ನಾನು ಬಿದ್ದ ಗುಂಡಿಯ ಅಂಚಿಗೆ ಅವರು ಬಂದು ನಿಂತಿದ್ದರು. ಇಷ್ಟು ದಿನ ನಾಚಿಕೆಯಿಂದ ಬಾಯಿ ಬಿಟ್ಟಿರಲಿಲ್ಲ. ಇನ್ನು ಸುಮ್ಮನಿರುವುದು ತಪ್ಪು.

ನಮ್ಮದು ಕಲಘಟಗಿ ತಾಲ್ಲೂಕಿನ ಹಳ್ಳಿ. ಗೋವಿನಜೋಳ ತೆನೆಗಟ್ಟುವ ಹೊತ್ತಿಗೆ ಕಾಡುಹಂದಿಗಳು ನುಗ್ಗುತ್ತವೆ. ಹೀಗಾಗಿ ಅಜ್ಜನ ಕಾಲದಿಂದಲೂ ಮನೆಯಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಬಂದೂಕು ಇದೆ. ಚುನಾವಣೆ ಬಂದಾಗಲೆಲ್ಲ ಅದನ್ನು ಹಳೆಯ ಧೋತರದಲ್ಲಿ ಸುತ್ತಿಕೊಂಡು ಹೋಗಿ ಠಾಣೆಯಲ್ಲಿ ಜಮಾ ಮಾಡಿ ಬರುತ್ತಿದ್ದವನು ನಾನು. ಹಾಗೆ ಒರೆಸುತ್ತ, ಸುತ್ತುತ್ತ ಹಳೆಯ ಬಂದೂಕುಗಳ ಕೆತ್ತನೆ, ಮುದ್ರೆ, ಸಂಖ್ಯೆಗಳ ಹುಚ್ಚು ಹಿಡಿಯಿತು. 2019ರಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಒಬ್ಬರು ಎರಡು ಬಂದೂಕು ಮಾತ್ರ ಇಟ್ಟುಕೊಳ್ಳಬಹುದು. ನನಗೆ ಇನ್ನೊಂದಕ್ಕೆ ಅನುಮತಿ ಸಿಕ್ಕಿತ್ತು. ಆ ಒಂದು ವಿಶೇಷವಾದದ್ದೇ ಇರಲಿ ಎಂದು ಸಿಕ್ಕವರ ಮುಂದೆಲ್ಲ ಹೇಳಿಕೊಂಡು ತಿರುಗಿದೆ. ಮಾತು ದಲ್ಲಾಳಿಯೊಬ್ಬನ ಕಿವಿಗೆ ಬಿತ್ತು.

ಬೆಟಗೇರಿಯ ಮನೆಯೊಂದರಲ್ಲಿ ಅವನು ಬಂದೂಕು ತೋರಿಸಿದ. ಟ್ರಿಗರ್‌ನ ಸುತ್ತ ಇರುವ ಕಬ್ಬಿಣದ ಬಳೆಯ ಬಾಲ ಹಿಡಿಯ ಮೇಲೆ ಚಾಚಿಕೊಂಡಿರುತ್ತದಲ್ಲ, ಅಲ್ಲಿ 7 ಎಂಬ ಒಂದೇ ಅಂಕಿ. ‘ಸಾಹೇಬರೇ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಮಾಲು. ಅಲ್ಲಿಯ ಕಂಪನಿಯೊಂದು ಮಾಡಿದ ಏಳನೆಯ ಬಂದೂಕು ಇದು’ ಎಂದ. ಬೆಲೆ 2,40,000 ರೂಪಾಯಿ. ನಳಿಗೆ ಬಿಚ್ಚಿ ನೋಡುತ್ತೇನೆ ಎಂದಾಗ ಅವನು ಕೈ ಅಡ್ಡ ಹಿಡಿದ: ‘ಹಳೆಯ ಕೀಲು, ಬಿಚ್ಚಿದರೆ ಸಡಿಲವಾಗುತ್ತದೆ.’ ಜೋಡುನಳಿಗೆಯನ್ನು ಬಿಚ್ಚುವುದು ಅರ್ಧ ನಿಮಿಷದ ಕೆಲಸ, ಅದರಿಂದ ಏನೂ ಕೆಡುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಾದೆ. ಕಣ್ಣೆಲ್ಲ ಆ ಏಳರ ಮೇಲೆಯೇ ಇತ್ತು. ಗೋವಿನಜೋಳ ಮಾರಿದ ಹಣದಲ್ಲಿ 90,000 ರೂಪಾಯಿ ಮುಂಗಡವನ್ನು ನಗದಾಗಿ, ರಸೀದಿಯಿಲ್ಲದೆ ಎಣಿಸಿಕೊಟ್ಟೆ.

ಒಂದು ಕಡೆ ಮಾತ್ರ ಬುದ್ಧಿ ಕೈಕೊಡಲಿಲ್ಲ. ‘ನೂರು ವರ್ಷ ದಾಟಿದ ವಸ್ತುವಿಗೆ ಪರವಾನಗಿ ಬೇಕಿಲ್ಲ, ಇಂದೇ ಒಯ್ಯಿರಿ’ ಎಂದು ಅವನು ಒತ್ತಾಯಿಸಿದ. ಇದು ಹಸಿ ಸುಳ್ಳು. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮಿನಲ್ಲಿ ಹಳೆಯ ಆಯುಧಕ್ಕೆ ವಿನಾಯಿತಿ ಇರುವುದು ನಿಜ. ಆದರೆ ದುರಸ್ತಿ ಮಾಡಿದರೂ ಗುಂಡು ಹಾರಿಸಲಾಗದಂಥದ್ದಕ್ಕೆ ಮಾತ್ರ. ಹನ್ನೆರಡು ಬೋರಿನ ಕಾಡತೂಸು ಸಲೀಸಾಗಿ ಕೂರುವ ಬಂದೂಕಿಗೆ ಎಷ್ಟು ವಯಸ್ಸಾದರೇನು? ಹುಬ್ಬಳ್ಳಿಯ ಪರವಾನಗಿ ಪಡೆದ ವ್ಯಾಪಾರಿಯ ಅಂಗಡಿಯಲ್ಲೇ ವರ್ಗಾವಣೆ ಆಗಬೇಕು ಎಂದು ಹಟ ಹಿಡಿದೆ.

ಆ ವ್ಯಾಪಾರಿ ವಯಸ್ಸಾದವರು. ಬಂದೂಕನ್ನು ಕಿಟಕಿಯ ಬೆಳಕಿಗೆ ಹಿಡಿದು ಓರೆ ಮಾಡಿದರು. ‘ತಮ್ಮಾ, ಇಲ್ಲಿ ಬೆರಳಿಡು’ ಎಂದರು. ಏಳರ ಎಡಗಡೆ ಕಬ್ಬಿಣ ಚಮಚದ ಹೊಟ್ಟೆಯಂತೆ ತುಸು ತಗ್ಗಾಗಿತ್ತು. ಸುತ್ತಲಿನ ಬಳ್ಳಿಯ ಕೆತ್ತನೆ ಅಲ್ಲಿಗೆ ಬಂದು ತಟ್ಟನೆ ನಿಂತಿತ್ತು, ಬಣ್ಣವೂ ಬೇರೆ. ಅರ ಹಾಕಿ ಉಜ್ಜಿ ಮೇಲೆ ಬಣ್ಣ ಬಳಿದಿದ್ದರು. ಆಮೇಲೆ ಅವರು ನಳಿಗೆ ಬಿಚ್ಚಿ ಬುಡದ ಚಪ್ಪಟೆ ಭಾಗವನ್ನು ಒರೆಸಿದರು. ನಳಿಗೆ ಗಟ್ಟಿಯಿದೆಯೆಂದು ಪರೀಕ್ಷಿಸಿ ಒತ್ತಿದ ಕಿರೀಟದ ಮುದ್ರೆಗಳ ಪಕ್ಕದಲ್ಲಿ ಪೂರ್ತಿ ಸಂಖ್ಯೆ ಇತ್ತು. ಐದು ಅಂಕಿ, ಕೊನೆಯದು 7. ಮುಂದಿನ ನಾಲ್ಕನ್ನು ಅಳಿಸಿ ‘ಏಳನೆಯ ಬಂದೂಕು’ ಹುಟ್ಟಿಸಿದ್ದರು. ನಾನು ತಲೆ ಎತ್ತುವಷ್ಟರಲ್ಲಿ ದಲ್ಲಾಳಿ ಚಹಾ ಹೇಳಿ ಬರುತ್ತೇನೆಂದು ಹೊರಗೆ ಹೋಗಿದ್ದ. ಮರಳಿ ಬರಲಿಲ್ಲ. ಮೊಬೈಲ್ ಅಂದಿನಿಂದ ಬಂದ್.

ಹಣಕ್ಕಿಂತ ದೊಡ್ಡ ಅಪಾಯ ಬೇರೆಯೇ ಇತ್ತು. ಬಂದೂಕಿನ ಸಂಖ್ಯೆಯನ್ನು ಅಳಿಸುವುದು, ತಿದ್ದುವುದು ಅದೇ ಕಾಯ್ದೆಯ 8ನೇ ಕಲಮಿನ ಪ್ರಕಾರ ಅಪರಾಧ. ಅಳಿಸಿದ ಸಂಖ್ಯೆಯ ಬಂದೂಕು ಯಾರ ಕೈಯಲ್ಲಿ ಸಿಗುತ್ತದೋ ಅವರೇ ಅಳಿಸಿದ್ದಾರೆ ಎಂದು ಕಾನೂನು ಭಾವಿಸುತ್ತದೆ. ಅಲ್ಲವೆಂದು ಸಾಬೀತು ಮಾಡುವ ಹೊಣೆ ಅವರದೇ. ಅಂದು ನಾನು ಅದನ್ನು ಮನೆಗೆ ಒಯ್ದಿದ್ದರೆ? ಅಂಗಡಿಯವರು ಪೊಲೀಸರಿಗೆ ತಿಳಿಸಿದರು, ಬಂದೂಕು ಜಪ್ತಿಯಾಯಿತು. ನಾನು ಮೂರು ಸಲ ಹೇಳಿಕೆ ಕೊಟ್ಟೆ. ಪರಿಶೀಲನೆಗೆಂದು ಅಜ್ಜನ ಬಂದೂಕೂ ಠಾಣೆ ಸೇರಿತು. ಅದು ಮರಳುವ ಹೊತ್ತಿಗೆ ಹಂದಿಗಳು ಎರಡು ಎಕರೆ ಗೋವಿನಜೋಳ ಮಲಗಿಸಿದ್ದವು. ಮುಂಗಡ ಇಂದಿಗೂ ಬಂದಿಲ್ಲ.

ಸಣ್ಣ ಸಂಖ್ಯೆಗೆ ಸಂಗ್ರಾಹಕರು ಹೆಚ್ಚು ಬೆಲೆ ಕೊಡುತ್ತಾರೆ ಎಂಬುದು ಸುಳ್ಳಲ್ಲ. ಆದರೆ ಆ ಬೆಲೆ ನಿಲ್ಲುವುದು ದಾಖಲೆಯ ಮೇಲೆ. ಅಮೆರಿಕದ ಕುಖ್ಯಾತ ದರೋಡೆಕೋರ ಬಿಲ್ಲಿ ದಿ ಕಿಡ್‌ನನ್ನು ಕೊಂದ ಕೋಲ್ಟ್ ರಿವಾಲ್ವರ್ 2021ರಲ್ಲಿ 60 ಲಕ್ಷ ಡಾಲರ್ ದಾಟಿ ಹರಾಜಾಯಿತು. ಅದರ ಸಂಖ್ಯೆ ಸಣ್ಣದೇನಲ್ಲ, 55093. ಸಣ್ಣ ಸಂಖ್ಯೆ ಅಪಾಯದ ಗುರುತೂ ಆಗಬಹುದು: ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯಲ್ಲಿ ಮಾಡಿದ 1903ರ ಮಾದರಿಯ ರೈಫಲ್‌ಗಳಲ್ಲಿ 8,00,000ಕ್ಕಿಂತ ಕಡಿಮೆ ಸಂಖ್ಯೆಯವುಗಳಿಂದ ಗುಂಡು ಹಾರಿಸಬೇಡಿ ಎಂದೇ ತಿಳಿದವರು ಹೇಳುತ್ತಾರೆ. ಆಗ ಉಕ್ಕನ್ನು ಕಾಯಿಸಿದ ರೀತಿ ಸರಿಯಿಲ್ಲದೆ ಕೆಲವು ಸಿಡಿದಿದ್ದವು. ಜೋಡುನಳಿಗೆಗಳಲ್ಲಿ ಚಿನ್ನದಲ್ಲಿ ಕೂರಿಸಿದ 1 ಅಥವಾ 2 ಕಂಡರೂ ಮರುಳಾಗಬೇಡಿ. ಜೋಡಿಯಾಗಿ ಮಾಡಿದ ಬಂದೂಕುಗಳಲ್ಲಿ ಇದು ಮೊದಲನೆಯದು, ಇದು ಎರಡನೆಯದು ಎಂಬ ಗುರುತು ಅದು, ತಯಾರಿಕೆಯ ಸಂಖ್ಯೆ ಅಲ್ಲ.

ನಳಿಗೆಯ ಬುಡ, ಅದು ಕೂರುವ ಕಬ್ಬಿಣ, ಕೆಳಗಿನ ಮರದ ತುಂಡಿನ ಕಬ್ಬಿಣ ಮತ್ತು ಟ್ರಿಗರ್ ಬಳೆಯ ಬಾಲ, ಎಲ್ಲ ಕಡೆಯ ಸಂಖ್ಯೆಗಳೂ ತಾಳೆಯಾಗಬೇಕು. ಮಾರುವವರ ಪರವಾನಗಿಯಲ್ಲೂ ಅದೇ ಸಂಖ್ಯೆ ಇರಬೇಕು. ರಾಣೆಬೆನ್ನೂರಿನವರಿಗೂ ಇಷ್ಟೇ ಹೇಳಿದೆ: ಹಣದ ಮಾತಿಗೆ ಮೊದಲು ನಳಿಗೆ ಬಿಚ್ಚಿಸಿ. ಮರುದಿನ ಸಂಜೆ ಅವರ ಕರೆ ಬಂತು. ಬಿಚ್ಚಲು ಕೇಳಿದೊಡನೆ ಮಾರುವವನು ಬಂದೂಕನ್ನು ಚೀಲಕ್ಕೆ ಹಾಕಿಕೊಂಡು ಎದ್ದನಂತೆ.