ಅಡಿಕೆ ಸಾಲಿಗೆಂದು ನಾನೇ ಬೆಸೆದ ಟ್ರೇಲರ್: ಐದು ವರ್ಷ ದುಡಿಸಿದ ಮೇಲೆ

ಹೊಳಲ್ಕೆರೆ ತಾಲ್ಲೂಕಿನ ನಮ್ಮ ತೋಟದಲ್ಲಿ ಅಡಿಕೆ ಮರಗಳ ನಡುವಿನ ಅಂತರ 9 ಅಡಿ. ಪೇಟೆಯಲ್ಲಿ ಸಿಗುವ ದೊಡ್ಡ ಟ್ರೇಲರ್ ಆ ಸಾಲಿನೊಳಗೆ ಹೋದರೆ ಒಂದೋ ಮರದ ಬುಡವನ್ನು ತರಚುತ್ತದೆ, ಇಲ್ಲವೇ ಹನಿ ನೀರಾವರಿಯ ಪೈಪನ್ನು ತುಳಿಯುತ್ತದೆ. ಆದ್ದರಿಂದ ಗೊಬ್ಬರವನ್ನು ಬದುವಿನ ಮೇಲೆ ಸುರಿದು, ಅಲ್ಲಿಂದ ಪುಟ್ಟಿಯಲ್ಲಿ ಹೊರಿಸುವುದೇ ನಮ್ಮಲ್ಲಿ ರೂಢಿಯಾಗಿತ್ತು. 2020ರ ಜನವರಿಯಲ್ಲಿ 200 ಆಂಪಿಯರ್‌ನ ಒಂದು ಇನ್ವರ್ಟರ್ ವೆಲ್ಡಿಂಗ್ ಮಷಿನ್ ಕೊಂಡು, ನಮ್ಮ ಮಿನಿ ಟ್ರ್ಯಾಕ್ಟರಿಗೆ ಹೊಂದುವಂತೆ 4 ಅಡಿ ಅಗಲ, 7 ಅಡಿ ಉದ್ದದ ಎರಡು ಚಕ್ರದ ಟ್ರೇಲರನ್ನು ನಾನೇ ಕಟ್ಟಿದೆ. ಚಕ್ರಗಳು ಹೊರಗಿದ್ದರೂ ಒಟ್ಟು ಅಗಲ ಐದೂಕಾಲು ಅಡಿ ಮೀರಿಲ್ಲ.

ಚೌಕಟ್ಟಿಗೆ 75×40 ಮಿ.ಮೀ.ನ C ಆಕಾರದ ಚಾನಲ್, ಅಡ್ಡಪಟ್ಟಿಗಳಿಗೆ 40×40×5ರ L ಆಕಾರದ ಆಂಗಲ್, ತಳಕ್ಕೆ 3 ಮಿ.ಮೀ. ಶೀಟು, ಪಕ್ಕಗಳಿಗೆ 2 ಮಿ.ಮೀ. ಶೀಟು ಬಳಸಿದ್ದೇನೆ. ಅಚ್ಚು, ಗುಂಬ (ಚಕ್ರದ ಹಬ್) ಮತ್ತು 6.00-16 ಅಳತೆಯ ಟೈರುಗಳು ದಾವಣಗೆರೆಯ ಗುಜರಿಯಿಂದ ಬಂದವು. ಮಷಿನ್ ಬಿಟ್ಟು ಒಟ್ಟು 38,000 ರೂಪಾಯಿ ಖರ್ಚಾಯಿತು. ಖಾಲಿ ಟ್ರೇಲರ್ ವೇಬ್ರಿಜ್‌ನಲ್ಲಿ 340 ಕೆ.ಜಿ. ತೂಗಿತು. ಒಂದು ಚದರ ಮೀಟರ್ ಕಬ್ಬಿಣದ ಶೀಟು ಪ್ರತಿ ಮಿಲಿಮೀಟರ್ ದಪ್ಪಕ್ಕೆ 7.85 ಕೆ.ಜಿ. ತೂಗುತ್ತದೆ ಎಂಬ ಲೆಕ್ಕ ನೆನಪಿದ್ದರೆ ಅಂಗಡಿಯ ಬಿಲ್ಲನ್ನು ಮನೆಯಲ್ಲೇ ತಾಳೆ ನೋಡಬಹುದು.

ಮಷಿನಿನ ವಿಷಯದಲ್ಲಿ ನನಗೆ ಒಟ್ಟಾರೆ ತೃಪ್ತಿಯಿದೆ. ಸಿಂಗಲ್ ಫೇಸಿನಲ್ಲಿ 2.5 ಮಿ.ಮೀ. ರಾಡಿಗೆ 80, 3.15 ಮಿ.ಮೀ. ರಾಡಿಗೆ 115 ಆಂಪಿಯರ್ ಇಟ್ಟರೆ ಸಲೀಸಾಗಿ ಓಡುತ್ತದೆ. ಆದರೆ ಸಂಜೆ ವೋಲ್ಟೇಜ್ ಇಳಿದಾಗ ರಾಡು ಹೆಜ್ಜೆ ಹೆಜ್ಜೆಗೂ ಕಬ್ಬಿಣಕ್ಕೆ ಅಂಟಿಕೊಳ್ಳುತ್ತಿತ್ತು. ನಾನು ಮೊದಲು ಮಷಿನನ್ನೇ ದೂರಿದೆ. ನಿಜವಾದ ಕಾರಣದಲ್ಲಿ ಅರ್ಧ ಪಾಲು ಮನೆಯಿಂದ ಕೊಟ್ಟಿಗೆಗೆ ಎಳೆದಿದ್ದ 30 ಮೀಟರಿನ ತೆಳು ವೈರಿನದಾಗಿತ್ತು. ಅದನ್ನು ತೆಗೆದು 4 ಚದರ ಮಿ.ಮೀ. ವೈರು ಹಾಕಿ, ಬೆಳಗಿನ ಹೊತ್ತು ಕೆಲಸ ಮಾಡತೊಡಗಿದ ಮೇಲೆ ತೊಂದರೆ ಬಹುಪಾಲು ನೀಗಿತು. ಎರಡನೆಯ ವರ್ಷ ಒಳಗಿನ ಬೋರ್ಡು ಸುಟ್ಟಿತು. ಪಕ್ಕದಲ್ಲೇ ಗ್ರೈಂಡರ್ ಹಿಡಿಯುತ್ತಿದ್ದುದರಿಂದ ಫ್ಯಾನು ಕಬ್ಬಿಣದ ಪುಡಿಯನ್ನು ಒಳಕ್ಕೆ ಎಳೆದುಕೊಂಡಿತ್ತು. ಮಾರಿದ ಅಂಗಡಿಯವರು ವಾರಂಟಿ ಮುಗಿದಿದೆಯೆಂದು ಕೈಚೆಲ್ಲಿದರು; ಹೊರಗೆ ರಿಪೇರಿ ಮಾಡಿಸಿದೆ. ಈಗ ಗ್ರೈಂಡಿಂಗ್ ನಡೆಯುವಾಗ ಮಷಿನನ್ನು ಗೋಡೆಯ ಆಚೆ ಇಡುತ್ತೇನೆ.

ಕೆಲಸ ಕಲಿಸಿದವರು ಪೇಟೆಯ ವೆಲ್ಡಿಂಗ್ ಅಂಗಡಿಯ ಹಿರಿಯರೊಬ್ಬರು. "ಬೆಳಕು ನೋಡಬೇಡ ತಮ್ಮ, ಕರಗಿದ ಕಬ್ಬಿಣ ನೋಡು" ಎಂದು ಅವರು ಹೇಳಿದ ಒಂದು ಮಾತಿನಿಂದ ನನ್ನ ಕೈ ಕುದುರಿತು. ಅಲ್ಲಿಯವರೆಗೆ ನಾನು ಕಿಟ್ಟ, ಅಂದರೆ ರಾಡಿನ ಲೇಪ ಕರಗಿ ಮೇಲೆ ತೇಲುವ ಕಸ, ಹೊಳೆಯುವುದನ್ನೇ ಲೋಹವೆಂದು ತಿಳಿದು, ಮೇಲೆ ದಪ್ಪಗೆ ಕಂಡರೂ ಒಳಗೆ ಹಿಡಿದಿರದ ಬೆಸುಗೆ ಹಾಕುತ್ತಿದ್ದೆ. ಚೌಕಟ್ಟನ್ನು ಟ್ಯಾಕ್ ಮಾಡಿದ (ಅಲ್ಲಲ್ಲಿ ಚುಕ್ಕೆ ಬೆಸುಗೆ ಹಾಕಿ ನಿಲ್ಲಿಸಿದ) ಮೇಲೆ ಎರಡೂ ಕರ್ಣಗಳನ್ನು ಅಳೆದು 2,459 ಮಿ.ಮೀ.ಗೆ ಸರಿಹೊಂದಿಸಿದ್ದೆ. ಆದರೆ ಒಂದು ಬದಿಯನ್ನು ಒಂದೇ ಉಸಿರಿಗೆ ಪೂರ್ತಿ ಬೆಸೆದಾಗ, ಕಾದ ಲೋಹ ತಣಿದು ಕುಗ್ಗುವ ಎಳೆತಕ್ಕೆ ಒಂದು ಕರ್ಣ 8 ಮಿ.ಮೀ. ಕಡಿಮೆಯಾಯಿತು. ಬೆಸುಗೆ ಕತ್ತರಿಸಿ ಮತ್ತೆ ಕೂರಿಸಿ, ಈ ಮೂಲೆಗೊಂದು ಅಂಗುಲ, ಎದುರು ಮೂಲೆಗೊಂದು ಅಂಗುಲ ಎಂಬಂತೆ ತಿರುಗಿಸಿ ತಿರುಗಿಸಿ ಮುಗಿಸಿದೆ.

ಅಚ್ಚನ್ನು ಎಲ್ಲಿ ಕೂರಿಸಬೇಕೆಂಬುದಕ್ಕೆ ಅಪ್ಪನ ಎತ್ತಿನ ಗಾಡಿಯ ಅನುಭವವೇ ಸಾಕಾಯಿತು. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಮುಂಭಾರ ಅತಿಯಾದರೆ ಎತ್ತಿನ ಹೆಗಲು ನೋಯುತ್ತದೆ. ನಡುವಿನಿಂದ 4 ಅಂಗುಲ ಹಿಂದಕ್ಕೆ ಅಚ್ಚು ಕೊಟ್ಟಿದ್ದೇನೆ. ಏರಿನಲ್ಲಿಯೂ ಮುಂಭಾಗ ಹಗುರಾಗಿಲ್ಲ.

ಇನ್ನು ಮುಖ್ಯ ದೋಷದ ವಿಷಯ. 2023ರಲ್ಲಿ ಮಳೆ ಕೈಕೊಟ್ಟಿದ್ದರಿಂದ ಮರುವರ್ಷದ ಬೇಸಿಗೆಗೆ ಊರ ಕೆರೆ ಬತ್ತಿತು, ಎಲ್ಲರಂತೆ ನಾವೂ ಹೂಳು ಹೊಡೆದೆವು. ಕುರಿ ಗೊಬ್ಬರವನ್ನು ಅಂಚಿನವರೆಗೆ ತುಂಬಿದರೂ ಈ ಟ್ರೇಲರಿನ ಹೊರೆ ಅರ್ಧ ಟನ್ನಿನ ಆಸುಪಾಸಿನಲ್ಲಿರುತ್ತದೆ. ಅದೇ ಅಂಚಿನವರೆಗೆ ಹಸಿ ಹೂಳು ತುಂಬಿದರೆ ಒಂದೂವರೆ ಟನ್ ದಾಟುತ್ತದೆ. ನಾನು ಕಟ್ಟಿದ್ದು ಒಂದು ಟನ್ನಿಗೆ. ಹದಿನೈದು ದಿನ ಹೀಗೆ ಹೊಡೆದ ಮೇಲೆ, ತೊಳೆಯುವಾಗ, ಟ್ರ್ಯಾಕ್ಟರಿಗೆ ಕೊಂಡಿ ಹಾಕುವ ಮೂಕಿಯ ಎಡಗಾಲು ಚೌಕಟ್ಟಿಗೆ ಸೇರುವಲ್ಲಿ, ಕೆಳಗಿನ ಅಂಚಿನಲ್ಲಿ, ಕೂದಲೆಳೆಯಷ್ಟು ಸಣ್ಣ ಕೆಂಪು ಗೆರೆ ಕಂಡಿತು. ಬಣ್ಣ ಹೋದ ಗೀರು ಎಂದುಕೊಂಡು ಉಗುರಿನಿಂದ ಕೆರೆದೆ. ಗೆರೆಯ ಬಾಯಿಂದ ತುಕ್ಕಿನ ನೀರು ಒಸರಿತು. ಬಿರುಕು ಸುಮಾರು ಒಂದು ಅಂಗುಲ ಓಡಿತ್ತು.

ತಪ್ಪು ಕಟ್ಟಿದ ದಿನವೇ ಆಗಿತ್ತು. ಮೂಕಿಯ ಎರಡೂ ಕಾಲುಗಳನ್ನು ಮುಂದಿನ ಚಾನಲ್ಲಿಗೆ ತುದಿಯಲ್ಲಷ್ಟೇ ತಾಗಿಸಿ ಬೆಸೆದಿದ್ದೆ. ಹೊರೆ ಬಿದ್ದಾಗ ಅತಿ ಹೆಚ್ಚು ಎಳೆತ ಬರುವುದು ಅದೇ ಕೆಳಗಿನ ಅಂಚಿಗೆ, ಅಲ್ಲಿಯೇ ನಾನು ಅಡ್ಡಲಾಗಿ ಬೆಸುಗೆ ಗೆರೆ ಎಳೆದಿದ್ದೆ. ಬಿರುಕಿನ ಕೊನೆಯಲ್ಲಿ 5 ಮಿ.ಮೀ. ತೂತು ಕೊರೆದು, ಉದ್ದಕ್ಕೂ ಗ್ರೈಂಡ್ ಮಾಡಿ ತೋಡು ತೆರೆದು, ಆಗಷ್ಟೇ ಒಡೆದ ಪ್ಯಾಕಿನ 7018 ಎಂಬ ಕಡಿಮೆ ಹೈಡ್ರೋಜನ್ ಬೆಸುಗೆ ರಾಡಿನಿಂದ ತುಂಬಿದೆ. ತೇವ ಹೀರಿದ 7018 ರಾಡು ಹೊಸ ಬಿರುಕಿಗೆ ದಾರಿಯಾಗುತ್ತದೆ. ಆಮೇಲೆ ಎರಡೂ ಕಡೆ ಹೊಸ ಚಾನಲ್ ಕಾಲುಗಳನ್ನು ಚೌಕಟ್ಟಿನ ಕೆಳಗೆ ಎರಡನೆಯ ಅಡ್ಡಪಟ್ಟಿಯವರೆಗೂ ಹಾಯಿಸಿ, ತುದಿ ಚೂಪಾದ 6 ಮಿ.ಮೀ. ಪ್ಲೇಟುಗಳನ್ನು ಉದ್ದದ ಗೆರೆಯಲ್ಲಿ ಮಾತ್ರ ಬೆಸೆದು, ತುದಿಗಳನ್ನು ಹಾಗೆಯೇ ಬಿಟ್ಟೆ. ಅಂದಿನಿಂದ ಎರಡು ಅಡಿಕೆ ಕೊಯ್ಲು ಮುಗಿದಿವೆ, ಗೆರೆ ಮರಳಿ ಕಂಡಿಲ್ಲ. ಹೂಳು ತುಂಬುವ ಮಟ್ಟಕ್ಕೆ ಒಳಗೋಡೆಯ ಮೇಲೆ ಹಳದಿ ಬಣ್ಣದ ಗುರುತು ಹಾಕಿದ್ದೇನೆ. ಆಳುಗಳು ಅದನ್ನು ದಾಟದಂತೆ ನೋಡಿಕೊಳ್ಳುವುದು ನನ್ನ ಹೊಣೆ.

ಈ ಟ್ರೇಲರ್ ತೋಟದೊಳಗಷ್ಟೇ ಓಡುತ್ತದೆ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ಕೂಡ ಮೋಟಾರು ವಾಹನವೇ. ನೋಂದಣಿಯಿಲ್ಲದೆ ಸಾರ್ವಜನಿಕ ರಸ್ತೆಗೆ ಇಳಿಸುವಂತಿಲ್ಲ. ಆದರೂ ಹಿಂದೆ ಕೆಂಪು ರಿಫ್ಲೆಕ್ಟರ್ ಅಂಟಿಸಿದ್ದೇನೆ ಮತ್ತು ಪಿನ್ನಿನ ಜೊತೆಗೆ ಸರಪಳಿಯನ್ನೂ ಕಟ್ಟುತ್ತೇನೆ.

ಬೇರಿಂಗುಗಳಿಗೆ ವರ್ಷಕ್ಕೊಮ್ಮೆ ಗ್ರೀಸ್ ಬದಲಿಸಿದ್ದೇನೆ, ಸದ್ದಿಲ್ಲ. ತುಕ್ಕು ಮಾತ್ರ ನಾನೆಣಿಸಿದ್ದಕ್ಕಿಂತ ಬೇಗ ಹಿಡಿದಿದೆ. ಕುರಿ ಗೊಬ್ಬರದ ಗಂಜಳ ತಳದ ಮೂಲೆಗಳಲ್ಲಿ ನಿಂತು, ರೆಡ್ ಆಕ್ಸೈಡ್ ಬಳಿದಿದ್ದರೂ ಶೀಟನ್ನು ತಿಂದಿದೆ; ಹಿಂದಿನ ಬಲಮೂಲೆಯಲ್ಲಿ ಸುತ್ತಿಗೆ ತಟ್ಟಿದರೆ ಪದರ ಉದುರುತ್ತದೆ. ನೀರು ಇಳಿಯಲು ಮೂಲೆಗೊಂದು ತೂತನ್ನು ಮೊದಲೇ ಕೊಡಬೇಕಿತ್ತು. ಬರುವ ಬೇಸಿಗೆಯಲ್ಲಿ ಒಂದು ಅಡಿ ಅಗಲದ ಆ ಪಟ್ಟಿಯನ್ನಷ್ಟೇ ಕತ್ತರಿಸಿ ತೆಗೆದು, ತೂತುಗಳಿರುವ ಹೊಸ 3 ಮಿ.ಮೀ. ಶೀಟನ್ನು ಅದೇ ಮಷಿನಿನಿಂದ ಕೂರಿಸುವವನಿದ್ದೇನೆ.