ರಬ್ಬರ್ ಪ್ರೋತ್ಸಾಹಧನ: ಲೆಕ್ಕ ಚೊಕ್ಕ, ಪಾವತಿ ನಿಧಾನ

ಕಾಸರಗೋಡು ಜಿಲ್ಲೆಯ ಮುಳ್ಳೇರಿಯ, ಆದೂರು, ಪೆರ್ಲ ಕಡೆಯ ಗುಡ್ಡಗಳಲ್ಲಿ ಒಂದೆರಡು ಎಕರೆ ರಬ್ಬರ್ ಇರುವವರಿಗೆ ಕೇರಳ ಸರಕಾರದ ರಬ್ಬರ್ ಉತ್ಪಾದನಾ ಪ್ರೋತ್ಸಾಹಧನ ಯೋಜನೆ ಹೊಸತಲ್ಲ. 2015ರಲ್ಲಿ ಕಿಲೋಗೆ 150 ರೂಪಾಯಿ ಆಧಾರ ಬೆಲೆಯೊಂದಿಗೆ ಆರಂಭವಾದ ಇದು 2021ರಲ್ಲಿ 170ಕ್ಕೂ 2024ರಲ್ಲಿ 180ಕ್ಕೂ ಏರಿ, 2025ರ ನವೆಂಬರಿನಿಂದ 200 ರೂಪಾಯಿಗೆ ತಲುಪಿದೆ. ಸರಕಾರ ಇಲ್ಲಿ ರಬ್ಬರನ್ನು ಖರೀದಿಸುವುದಿಲ್ಲ. ಕೇಂದ್ರ ಸರಕಾರದ ರಬ್ಬರ್ ಮಂಡಳಿ ಪ್ರಕಟಿಸುವ ದಿನದ ಧಾರಣೆಯು ಆಧಾರ ಬೆಲೆಗಿಂತ ಎಷ್ಟು ಕೆಳಗಿದೆಯೋ ಅಷ್ಟನ್ನು ಕೃಷಿಕರ ಬ್ಯಾಂಕ್ ಖಾತೆಗೆ ಹಾಕುತ್ತದೆ.

ನೋಂದಣಿಯ ಬಗ್ಗೆ ಹೆಚ್ಚು ದೂರುವಂತಿಲ್ಲ. ಊರಿನ ರಬ್ಬರ್ ಉತ್ಪಾದಕರ ಸಂಘಕ್ಕೆ ಭೂಮಿಯ ತೀರ್ವೆ (ಕಂದಾಯ) ರಶೀದಿ, ಆಧಾರ್ ಮತ್ತು ಪಾಸ್‌ಬುಕ್ಕಿನ ಪ್ರತಿ ಕೊಟ್ಟರೆ ಉಳಿದದ್ದನ್ನು ಅವರೇ ನೋಡಿಕೊಳ್ಳುತ್ತಾರೆ; ಮಾರಾಟದ ಬಿಲ್ಲುಗಳನ್ನು ಆನ್‌ಲೈನಿನಲ್ಲಿ ಸೇರಿಸುವುದೂ ಅಲ್ಲಿಂದಲೇ. ನನಗೆ ಸಿಕ್ಕಿದ ಅರ್ಜಿ ನಮೂನೆ ಮಾತ್ರ ಮಲಯಾಳದಲ್ಲಿತ್ತು. ಕನ್ನಡ ಮಾತ್ರ ಓದಬಲ್ಲ ಹಿರಿಯರು, ತಾವು ಯಾವುದಕ್ಕೆ ಸಹಿ ಹಾಕುತ್ತಿದ್ದೇವೆಂದು ಇನ್ನೊಬ್ಬರನ್ನು ಕೇಳಬೇಕಾಗುವುದು ಈ ತಾಲೂಕುಗಳಲ್ಲಿ ಸಣ್ಣ ವಿಷಯವಲ್ಲ.

ಹೆಚ್ಚಿನವರು ಗಮನಿಸದಿರುವುದು ಲೆಕ್ಕದ ಒಳಗುಟ್ಟನ್ನು. ವ್ಯತ್ಯಾಸವನ್ನು ಲೆಕ್ಕ ಹಾಕುವುದು ಮಂಡಳಿಯ ಧಾರಣೆಯಿಂದಲೇ ಹೊರತು ನಿಮ್ಮ ಕೈಗೆ ಬಂದ ಬೆಲೆಯಿಂದಲ್ಲ. ಮಂಡಳಿಯ ಧಾರಣೆ 186 ರೂಪಾಯಿ ಇದೆಯೆನ್ನಿ. ಪ್ರೋತ್ಸಾಹಧನ 14 ರೂಪಾಯಿ. ಆದರೆ ಹೊಗೆ ಸರಿಯಾಗಿ ತಾಗದೆ ಅಲ್ಲಲ್ಲಿ ಬೂಸಲು ಹಿಡಿದ ಶೀಟನ್ನು, ಅಂದರೆ ರಬ್ಬರ್ ಹಾಲನ್ನು ಹೆಪ್ಪುಗಟ್ಟಿಸಿ ಒತ್ತಿ ಒಣಗಿಸಿದ ಹಾಳೆಯನ್ನು, ಅಂಗಡಿಯವರು ಬೆಳಕಿಗೆ ಹಿಡಿದು ನೋಡಿ ‘ಲಾಟ್’ (ಕೆಳದರ್ಜೆ) ಎಂದು 174ಕ್ಕೆ ತೂಗಿದರೆ, ಎರಡೂ ಸೇರಿ ನಿಮಗೆ ದಕ್ಕುವುದು 188 ರೂಪಾಯಿ. ಘೋಷಿತ ಇನ್ನೂರು ಅಲ್ಲ. ಮಂಡಳಿಯ ಧಾರಣೆ 201 ಆದ ದಿನ ಅದೇ ಶೀಟು 189ಕ್ಕೆ ಹೋದರೂ ಪ್ರೋತ್ಸಾಹಧನ ಸೊನ್ನೆ. ಕೆಲಸ ಅಚ್ಚುಕಟ್ಟಾಗಿ ಮಾಡಿದವರಿಗೆ ಇದರಿಂದ ಅನ್ಯಾಯವಿಲ್ಲವೆಂಬುದನ್ನೂ, ಬಿಲ್ಲಿನಲ್ಲಿ ಬೆಲೆ ಇಳಿಸಿ ಬರೆಸಿಕೊಳ್ಳುವ ಚಾಲಾಕಿಗೆ ಇಲ್ಲಿ ಎಡೆಯಿಲ್ಲವೆಂಬುದನ್ನೂ ಒಪ್ಪಲೇಬೇಕು. ಸ್ವಂತ ಹೊಗೆಗೂಡಿಲ್ಲದ ಸಣ್ಣವರಿಗೆ ಮಾತ್ರ ಇದು ಹೊಡೆತವೇ.

ನನ್ನ ದೊಡ್ಡ ಆಕ್ಷೇಪ ಪಾವತಿಯ ವಿಳಂಬದ ಮೇಲೆ. ಮಳೆಗಾಲಕ್ಕೆ ಮುಂಚೆ ಮರಗಳಿಗೆ ಮಳೆನೀರು ತಡೆಯುವ ಪ್ಲಾಸ್ಟಿಕ್ ಕಟ್ಟಿಸಬೇಕೇ, ಈ ವರ್ಷ ಟ್ಯಾಪಿಂಗ್ (ತೊಗಟೆ ಕೊರೆದು ಹಾಲು ಇಳಿಸುವುದು) ಮಾಡಿಸಬೇಕೇ ಬೇಡವೇ ಎಂಬುದನ್ನು ಕೃಷಿಕರು ತೀರ್ಮಾನಿಸುವುದು ಆಗ ಕೈಯಲ್ಲಿರುವ ಹಣವನ್ನು ನೋಡಿ. ಟ್ಯಾಪಿಂಗಿನವರ ಸಂಬಳಕ್ಕೆ ಬಾಕಿ ಹೇಳುವಂತಿಲ್ಲ. ಹೇಳಿದರೆ ಮರುದಿನ ಅವರು ಇನ್ನೊಬ್ಬರ ತೋಟದಲ್ಲಿರುತ್ತಾರೆ. ಧಾರಣೆ ಬಿದ್ದಾಗಲೂ ಟ್ಯಾಪಿಂಗ್ ನಿಲ್ಲದಿರಲೆಂದು ಮಾಡಿದ ಯೋಜನೆಯ ಹಣ ಹಲವು ತಿಂಗಳ ಬಳಿಕ, ಕೆಲವೊಮ್ಮೆ ಧಾರಣೆ ಮತ್ತೆ ಏರಿದ ಮೇಲೆ ಖಾತೆಗೆ ಬಂದರೆ, ಅದು ಹಳೆಯ ಬಾಕಿ ತೀರಿದ ಸಮಾಧಾನ ಕೊಡಬಹುದೇ ಹೊರತು ಬೆಲೆಗೆ ಆಧಾರವಾಗಲಾರದು. ಆಧಾರ ಬೆಲೆಯನ್ನು ಇನ್ನೂರಕ್ಕೆ ಏರಿಸಿದ್ದಕ್ಕಿಂತ, 180ರಲ್ಲೇ ಇಟ್ಟು ಪ್ರತಿ ತಿಂಗಳು ಪಾವತಿಸುತ್ತಿದ್ದರೆ ನನಗೆ ಹೆಚ್ಚು ಉಪಯೋಗವಾಗುತ್ತಿತ್ತು. 2024ರ ಆಗಸ್ಟಿನಲ್ಲಿ ಆರ್‌ಎಸ್‌ಎಸ್-4ರ (ಹೊಗೆಯಲ್ಲಿ ಒಣಗಿಸಿದ ಶೀಟಿನ ನಾಲ್ಕನೇ ದರ್ಜೆ) ಧಾರಣೆ 240 ದಾಟಿದಾಗ ಯೋಜನೆಯ ನೆನಪೇ ಯಾರಿಗೂ ಇರಲಿಲ್ಲವೆನ್ನುವುದು ಬೇರೆ ಮಾತು.

ಗಡಿಯಾಚೆ ಸುಳ್ಯ, ಪುತ್ತೂರಿನ ನೆಂಟರಿಗೆ ಇದೂ ಇಲ್ಲ. ಇದು ಕೇರಳದ ಯೋಜನೆ, ಭೂಮಿ ಕೇರಳದಲ್ಲಿರಬೇಕು. ಆದ್ದರಿಂದ ಇಲ್ಲಿ ತೋಟವಿದ್ದೂ ಇನ್ನೂ ಹೆಸರು ಕೊಡದವರು ಕೊಡುವುದೇ ಒಳ್ಳೆಯದು. ಹೊಸ ವರ್ಷದ ತೀರ್ವೆ ಕಟ್ಟಿದ ಕೂಡಲೇ ರಶೀದಿಯನ್ನು ಸಂಘಕ್ಕೆ ಮುಟ್ಟಿಸಿ, ನೋಂದಣಿಯ ನವೀಕರಣ ಆಗಿದೆಯೇ ಎಂದು ವಿಚಾರಿಸಿ, ಬಿಲ್ಲುಗಳ ಒಂದೊಂದು ಪ್ರತಿಯನ್ನು ಮನೆಯಲ್ಲೂ ಇಟ್ಟುಕೊಳ್ಳಿ. ಬರುವ ಹಣವನ್ನು ಮಾತ್ರ ಆ ವರ್ಷದ ಖರ್ಚಿನ ಲೆಕ್ಕಕ್ಕೆ ಸೇರಿಸಬೇಡಿ.