ಅಪ್ಪೆಮಿಡಿ ಲೆಕ್ಕಕ್ಕೆ ಆರ್: ಮೂರು ಸೀಸನ್ ಬಳಸಿದ ಮೇಲೆ

ಹೊಸನಗರದ ಸುತ್ತಮುತ್ತಲ 42 ಅಪ್ಪೆಮಿಡಿ ಮರಗಳನ್ನು ಗುಂಪು ಮಾಡೋದಕ್ಕೆ ಅಂತಲೇ ಆರ್ ಅನ್ನೋ ಅಂಕಿಅಂಶದ ಸಾಫ್ಟ್‌ವೇರ್ ಹಾಕಿಕೊಂಡೆ. ಪುಕ್ಕಟೆ, ನನ್ನ 4 ಜಿಬಿಯ ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ನನಗೆ ಅಷ್ಟು ಸಾಕಿತ್ತು.

ಮೊದಲ ಸೀಸನ್ ಪೂರ್ತಿ ಇದರ ಮೇಲೆ ಸಿಟ್ಟು. ಮುಂಚೆ ಬಳಸುತ್ತಿದ್ದ, ಮೌಸ್‌ನಲ್ಲೇ ಕೆಲಸ ಮುಗಿಯುವ ಪ್ರೋಗ್ರಾಂನಲ್ಲಿ ಜೀರಿಗೆ ವಾಸನೆಯ ಮಿಡಿಗಳೆಲ್ಲ ಗುಂಪಿನ ಚಿತ್ರದ ಒಂದೇ ಕೊಂಬೆಗೆ ಬಂದಿದ್ದವು. ಯಾವ ಮರಕ್ಕೆ ಯಾವ ಗುಣ ಇದೆ (1), ಇಲ್ಲ (0) ಅಂತ ಬರೆದ ಅದೇ ಹಾಳೆ ಇಲ್ಲಿ ಹಾಕಿದರೆ ಐದು ಮರ ಬೇರೆ ಗುಂಪಿಗೆ ಹಾರಿದವು. ಎರಡು ರಾತ್ರಿ ಕೂತು ಒಂದೊಂದೇ ಸಾಲು ನೋಡಿದೆ. ಎಲ್ಲೂ ತಪ್ಪಿರಲಿಲ್ಲ.

ಆ ಹಾಳೆ ಸುಮ್ನೆ ತುಂಬಿದ್ದಲ್ಲ. ಬೆಳಿಗ್ಗೆ ಬಿಸಿಲೇರುವ ಮೊದಲು ಮಿಡಿಯ ತೊಟ್ಟು ಮುರಿದು, ಚಿಮ್ಮುವ ಸೊನೆ ಮುಖಕ್ಕೆ ಹಾರದ ಹಾಗೆ ದೂರ ಹಿಡಿದು, ಆಮೇಲೆ ಮೂಸುತ್ತೇನೆ. ಅಮ್ಮನಿಗೂ ಕೊಡುತ್ತೇನೆ. "ಇದ್ರಲ್ಲಿ ಜೀರಿಗೆ ಎಲ್ಲಿದ್ಯೇ?" ಅಂದರೆ 0, ತಲೆ ಆಡಿಸಿದರೆ 1.

ಆಮೇಲೆ ಗೊತ್ತಾಯ್ತು. ಹಳೆಯದರಲ್ಲಿ ಎರಡು ಮರ ಎಷ್ಟು ಬೇರೆ ಅನ್ನೋ ದೂರಕ್ಕೆ ಜಕಾರ್ಡ್ ಅಳತೆ, ಗುಂಪಿಗೆ ಯುಪಿಜಿಎಂಎ, ಅಂದರೆ ಎರಡು ಗುಂಪಿನ ನಡುವಿನ ಸರಾಸರಿ ದೂರ. ಆರ್‌ನಲ್ಲಿ ಏನೂ ಹೇಳದಿದ್ದರೆ ದೂರ ಅಳೆಯುವ ಡಿಸ್ಟ್ ಆಜ್ಞೆ ಯೂಕ್ಲಿಡಿಯನ್ ದೂರ, ಅಂದರೆ ಮಾಮೂಲಿ ನೇರ ದೂರ ಹಿಡಿಯುತ್ತದೆ, ಗುಂಪು ಕಟ್ಟುವ ಎಚ್‌ಕ್ಲಸ್ಟ್ ಆಜ್ಞೆ ಕಂಪ್ಲೀಟ್ ಲಿಂಕೇಜ್, ಅಂದರೆ ಎರಡು ಗುಂಪಿನ ಅತಿ ದೂರದ ಜೋಡಿ ಹಿಡಿಯುತ್ತದೆ. ಯೂಕ್ಲಿಡಿಯನ್‌ನಲ್ಲಿ ಎರಡು ಮರಕ್ಕೂ ಕರ್ಪೂರದ ವಾಸನೆ ಇಲ್ಲ ಅಂದರೆ ಅದೂ ಒಂದು ಹೋಲಿಕೆಯೇ. ಜಕಾರ್ಡ್ ಆ 0-0 ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಇಬ್ಬರ ಮನೆಯಲ್ಲೂ ಆನೆ ಇಲ್ಲ ಅಂತ ಅವರು ನೆಂಟರಾಗೋದಿಲ್ಲ, ಅಲ್ವಾ? ಜಕಾರ್ಡ್‌ಗೆ 'ಬೈನರಿ', ಯುಪಿಜಿಎಂಎಗೆ 'ಆವರೇಜ್' ಅಂತ ಎರಡು ಪದ ಬರೆದೆ. ಐದೂ ಮರ ವಾಪಸ್ ಬಂದವು! ಅವತ್ತಿನಿಂದ ಸಿಟ್ಟು ಇಳಿಯಿತು.

ಗುಂಪಿನೊಳಗಿನ ವ್ಯತ್ಯಾಸ ಆದಷ್ಟು ಕಡಿಮೆ ಹೆಚ್ಚುವ ಹಾಗೆ ಗುಂಪು ಸೇರಿಸುವ, ವಾರ್ಡ್ ಎಂಬುವರ ವಿಧಾನ ಬಳಸುವವರು ಇನ್ನೂ ಹುಷಾರಾಗಿರಿ. 2014ರಲ್ಲಿ ಆರ್‌ನಲ್ಲಿ ಅದು ವಾರ್ಡ್.ಡಿ, ವಾರ್ಡ್.ಡಿ2 ಅಂತ ಎರಡಾಯಿತು. ದೂರವನ್ನು ವರ್ಗ ಮಾಡದೆ ಹಾಗೇ ಕೊಟ್ಟರೆ ವಾರ್ಡ್ ಹೇಳಿದ್ದನ್ನು ಮಾಡುವುದು ಎರಡನೆಯದು ಮಾತ್ರ. ಬರೀ 'ವಾರ್ಡ್ ಬಳಸಿದೆವು' ಅಂತ ಬರೆದರೆ ಓದುವವರಿಗೆ ಏನೂ ಗೊತ್ತಾಗುವುದಿಲ್ಲ.

ಒಂದು ಕೊರತೆ ಈಗಲೂ ಕಾಡುತ್ತದೆ. ಎರಡು ಜೋಡಿಗಳ ದೂರ ಸರಿಸಮ ಬಂದರೆ ಸಾಲುಗಳ ಕ್ರಮ ಬದಲಿಸಿದರೂ ಚಿತ್ರ ಬದಲಾಗಬಹುದು. 1, 0 ಡೇಟಾದಲ್ಲಿ ಇದು ಜಾಸ್ತಿ. ಎಚ್‌ಕ್ಲಸ್ಟ್ ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ. ಅದಕ್ಕೆ ನಾನು ಪ್ರತಿ ಸಲ ಸಾಲುಗಳನ್ನು ಕಲಸಿ ಹತ್ತು ಸಲ ಓಡಿಸುತ್ತೇನೆ. 41 ಮರ ಅಲ್ಲಾಡುವುದಿಲ್ಲ. ಹೊಳೆದಂಡೆಯ 17ನೇ ಮರ ಮಾತ್ರ ಒಮ್ಮೆ ಜೀರಿಗೆ ಗುಂಪಿನಲ್ಲಿ, ಒಮ್ಮೆ ಅದರಾಚೆ. ಮುಂದಿನ ಸೀಸನ್‌ಗೆ ಅಮ್ಮನನ್ನು ಆ ಮರದ ಬುಡಕ್ಕೇ ಕರೆದುಕೊಂಡು ಹೋಗುತ್ತೇನೆ.